ಮೊದಲು ನೋಡು, ಆಮೇಲೆ ಬಿಚ್ಚು

ಹಳೇ ಪ್ರೀಮಿಯರ್ ಪದ್ಮಿನಿ ಕೊಂಡೆಯಂತೆ. "ಅವನಿಗೆ ಸ್ವಲ್ಪ ಬುದ್ಧಿ ಹೇಳಣ್ಣ" ಎಂದು ನಿಮ್ಮಮ್ಮ ಫೋನ್ ಮಾಡಿದ್ದಳು. ಮಾರಿಬಿಡು ಅನ್ನುವ ಬುದ್ಧಿ ನನ್ನ ಹತ್ತಿರ ಇಲ್ಲ ಕಣಪ್ಪ. ಇಟ್ಟುಕೋ. ಮನೆ ಮುಂದೆ ನಿಲ್ಲಿಸಿಕೊಂಡು ನೀನೇ ಕೈಯಾರೆ ರಿಪೇರಿ ಮಾಡು. ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಅನ್ನುವುದನ್ನಷ್ಟು ಕೇಳಿಸಿಕೋ.

"ಆ ಕಾಲದ ಗಾಡಿ ಅಂದರೆ ಕಲ್ಲುಗುಂಡು" ಅನ್ನುವವರನ್ನು ನಂಬಬೇಡ. ತಗಡು ದಪ್ಪ ಇತ್ತು, ನಿಜ. ಮಳೆ ಬಂದರೆ ಸ್ಟಾರ್ಟ್ ಆಗುತ್ತಿರಲಿಲ್ಲ, ಘಾಟಿ ಹತ್ತಿದರೆ ರೇಡಿಯೇಟರ್ ಕುದಿಯುತ್ತಿತ್ತು, ಅದೂ ನಿಜ. 1964ರಲ್ಲಿ ಮುಂಬೈಯ ಕುರ್ಲಾದಲ್ಲಿ ಫಿಯೆಟ್ 1100 ಡಿಲೈಟ್ ಅನ್ನುವ ಹೆಸರಿನಲ್ಲಿ ಶುರುವಾದ ಕಾರಿಗೆ 1974ರಲ್ಲಿ ಪದ್ಮಿನಿ ಅಂತ ಹೆಸರಾಯಿತು. ಹೆಸರು ಬದಲಾಯಿತು, ಒಳಗಿನ 1089 ಸಿಸಿ ಎಂಜಿನ್ ಅದೇ. ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಜನ, ಬಂದ ಗಾಡಿಯ ತಪ್ಪು ಎಣಿಸುತ್ತಾ ಕೂರುತ್ತಾರೆಯೇ? ರಿಪೇರಿ ಕಲಿತರು. ಕಲಿಯಲು ಆಗುತ್ತಿತ್ತು ಕೂಡ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಇವತ್ತಿನ ಕಾರಿಗೆ ಮೊದಲು ಸ್ಕ್ಯಾನರ್ ಹಚ್ಚಬೇಕು.

ಗಾಡಿ ಸ್ಟಾರ್ಟ್ ಆಗದಿದ್ದರೆ ತಕ್ಷಣ ಸ್ಪ್ಯಾನರ್ ಹಿಡಿದು ಕಾರ್ಬ್ಯುರೇಟರ್ ಬಿಚ್ಚುತ್ತಾ ಕೂರಬೇಡ. ಹೊಸಬರೆಲ್ಲ ಮಾಡುವುದು ಇದನ್ನೇ. ತೊಂದರೆ ಇರುವುದು ಕಿಡಿಯಲ್ಲೋ ಪೆಟ್ರೋಲಿನಲ್ಲೋ, ಅದನ್ನು ಮೊದಲು ತಿಳಿದುಕೋ. ನಾಲ್ಕಾರು ಸಲ ಸೆಲ್ಫ್ ಹೊಡೆದು ಒಂದು ಪ್ಲಗ್ ಬಿಚ್ಚಿ ನೋಡು. ತುದಿ ಪೆಟ್ರೋಲಿನಲ್ಲಿ ನೆನೆದಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ. ಕರೀ ಮಸಿ ಕಟ್ಟಿದ್ದರೆ ಚೋಕ್ ಜಾಸ್ತಿ ಎಳೆದಿದ್ದೀಯ, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಬಿಸ್ಕತ್ ಬಣ್ಣ ಇದ್ದರೆ ಎಂಜಿನ್ ಆರೋಗ್ಯವಾಗಿದೆ ಅಂತ. ಆಗೆಲ್ಲ ನಮ್ಮ ಆಡುಗೋಡಿಯಲ್ಲೇ ತಯಾರಾಗುತ್ತಿದ್ದ ಮೈಕೋ ಪ್ಲಗ್ಗುಗಳ ತುದಿ ನೋಡಿಯೇ ಮೆಕ್ಯಾನಿಕ್‌ಗಳು ಮಾಲೀಕ ಹೇಗೆ ಓಡಿಸುತ್ತಾನೆ ಅನ್ನುವುದನ್ನೂ ಹೇಳಿಬಿಡುತ್ತಿದ್ದರು.

ಕಿಡಿ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆ. ಒಳಗೆ ತೇವ ಇದ್ದರೆ ಒಣ ಬಟ್ಟೆಯಿಂದ ಒರೆಸು. ಮಳೆಗಾಲದಲ್ಲಿ ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಪಾಯಿಂಟ್ ಕಪ್ಪಾಗಿದ್ದರೆ ನಯವಾದ ಎಮರಿ ಕಾಗದದಿಂದ ಉಜ್ಜು, ಸಂದು ಅರ್ಧ ಮಿಲಿಮೀಟರಿಗಿಂತ ಚೂರು ಕಡಿಮೆ ಇರುವಂತೆ ಫೀಲರ್ ಗೇಜ್ ಇಟ್ಟು ಕೂರಿಸು. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ ಮೇಲೆ ಸ್ಟಾರ್ಟ್ ಮಾಡಿ ನೋಡು. ಪ್ಲಗ್, ಪಾಯಿಂಟ್, ಕಂಡೆನ್ಸರ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಗಾಡಿ ಹೊರಟರೂ ಯಾವುದರಿಂದ ಹೊರಟಿತು ಗೊತ್ತಾಗುವುದಿಲ್ಲ. ಬಿಚ್ಚಿದ ಹಳೇ ಕಂಡೆನ್ಸರನ್ನು ಎಸೆಯಬೇಡ, ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೋ. ಜೆ.ಸಿ. ರೋಡಿನಲ್ಲಿ ಪಳಪಳ ಹೊಳೆಯುವ ಡೂಪ್ಲಿಕೇಟ್ ಮಾಲು ಬೇಕಾದಷ್ಟು ಸಿಗುತ್ತದೆ. ಹೊಸದು ಕೈಕೊಟ್ಟ ದಿನ ಹಳೆಯದೇ ನಿನ್ನನ್ನು ಮನೆ ಸೇರಿಸೀತು.

ಬೇಸಿಗೆಯ ಟ್ರಾಫಿಕ್ಕಿನಲ್ಲಿ ನಿಂತುಹೋದರೆ ಗಾಬರಿಯಾಗಬೇಡ. ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ಕಾವಿಗೆ ಪೆಟ್ರೋಲ್ ಆವಿಯಾಗಿ ಪಂಪಿಗೆ ಎಳೆಯಲು ಏನೂ ಸಿಗುವುದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಕಾಯಿ. ಆದರೆ ಕುದಿಯುತ್ತಿರುವ ರೇಡಿಯೇಟರ್ ಮುಚ್ಚಳಕ್ಕೆ ಆ ಬಟ್ಟೆ ಹಿಡಿದು ಕೈ ಹಾಕೀಯ! ಮುಖ ಸುಟ್ಟುಕೊಂಡವರು ಒಬ್ಬಿಬ್ಬರಲ್ಲ. ಬೋರ್‌ವೆಲ್ ನೀರನ್ನಂತೂ ರೇಡಿಯೇಟರಿಗೆ ತುಂಬಲೇಬೇಡ, ಒಳಗೆ ಸುಣ್ಣ ಕಟ್ಟುತ್ತದೆ.

ನಮ್ಮ ಕಾಲಕ್ಕಿಲ್ಲದ ತೊಂದರೆಯೊಂದು ನಿನ್ನ ಪಾಲಿಗಿದೆ. ಈಗ ಬಂಕಿನಲ್ಲಿ ಹಾಕಿಸುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಪದ್ಮಿನಿಯ ಪೈಪು, ಪಂಪಿನೊಳಗಿನ ಡಯಾಫ್ರಮ್ ಮಾಡಿದಾಗ ಈ ಮಾತೇ ಇರಲಿಲ್ಲ. ಹಳೇ ರಬ್ಬರು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಬಿರುಕು ಬಿಡುತ್ತದೆ; ತೊಟ್ಟಿಕ್ಕಿದ ಪೆಟ್ರೋಲ್ ಕಾದ ಎಂಜಿನ್ ಮೇಲೆಯೇ ಬೀಳುತ್ತದೆ. ಎಥನಾಲ್ ನೀರನ್ನೂ ಹೀರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕು ತುಕ್ಕು ಹಿಡಿಯುತ್ತದೆ. ಎಥನಾಲ್ ತಡೆಯುವ ಪೈಪ್ ಕೇಳಿ ತಗೋ, ಹೊಸ ಕ್ಲಿಪ್ ಹಾಕು, ಸೀಟಿನ ಪಕ್ಕ ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಇಡು. ವಾರಕ್ಕೊಂದು ಸಲವಾದರೂ ಗಾಡಿ ಓಡಿಸು.

ಇನ್ನು ನೀನು ಮುಟ್ಟಬಾರದ ಕಡೆ. ಗಾಡಿ ಹೊರಡದಿದ್ದರೆ ಹೆಚ್ಚೆಂದರೆ ಆಟೋ ಹತ್ತಿ ಆಫೀಸಿಗೆ ಹೋಗುತ್ತೀಯ. ನಿಲ್ಲದಿದ್ದರೆ? ಬ್ರೇಕು, ಸ್ಟೀರಿಂಗು, ಮುಂದಿನ ಚಕ್ರದ ಜೋಡಣೆ, ಇವನ್ನು ಹಳೇ ಫಿಯೆಟ್‌ಗಳಲ್ಲಿ ಕೈ ಪಳಗಿದ ಮೆಕ್ಯಾನಿಕ್‌ಗೇ ಬಿಡು. ಪಕ್ಕದಲ್ಲಿ ನಿಂತು ನೋಡಿ ಕಲಿ, ಬೇಡ ಅನ್ನುವುದಿಲ್ಲ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಲಿ, ಅದೂ ಗಾಳಿಯ ತೇವ ಹೀರುವಂಥದ್ದೇ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಉಫ್ ಅಂತ ಊದಬಾರದು. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ನುಸುಳುವುದಂತೂ, ಒಂದು ಬೋಲ್ಟ್ ಬಿಗಿಯುವುದಕ್ಕೂ ಕೂಡದು. ಸ್ಟ್ಯಾಂಡ್ ಕೊಡು, ಚಕ್ರಕ್ಕೆ ಕಲ್ಲು ಕೊಡು.

ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌.ಸಿ. ನವೀಕರಿಸಬೇಕು. ನಿನ್ನದರ ಅವಧಿ ಎಂದಿಗೆ ಮುಗಿಯುತ್ತದೆ ನೋಡಿಕೋ. ಆರ್‌ಟಿಓಗೆ ಹೋಗುವ ಮೊದಲು ಹಾರ್ನು, ವೈಪರು, ಹಿಂದಿನ ದೀಪ ಸರಿಮಾಡು. ಅದೆಲ್ಲ ನಿನ್ನ ಕೈಯಲ್ಲೇ ಆಗುತ್ತದೆ. ಬರುವ ಭಾನುವಾರ ಮಾತ್ರ ಬೇರೇನನ್ನೂ ಬಿಚ್ಚಬೇಡ. ಬ್ಯಾಟರಿಯ ಅರ್ಥ್ ವೈರ್ ಕಳಚಿ, ಮೊದಲು ಆ ಪೆಟ್ರೋಲ್ ಪೈಪ್ ಬದಲಾಯಿಸು.