‘ಬುದ್ಧಿ ಇದೆ, ಶ್ರದ್ಧೆ ಇಲ್ಲ’: ಎಡಿಎಚ್‌ಡಿ, ಆಟಿಸಂ ಇರುವ ಪ್ರಶಿಕ್ಷಣಾರ್ಥಿಯ ಆತ್ಮಗೌರವ ಮತ್ತು ನಮ್ಮ ವೀಕ್ಷಣಾ ಪುಸ್ತಕ

ಬೋಧನಾಭ್ಯಾಸದ ಎಂಟನೆಯ ಪಾಠದ ದಿನ ನನ್ನ ವೀಕ್ಷಣಾ ಪುಸ್ತಕದಲ್ಲಿ ಬಿದ್ದ ಟಿಪ್ಪಣಿ ಎರಡೇ ವಾಕ್ಯದ್ದು: ‘ವಿಷಯಜ್ಞಾನ ಚೆನ್ನಾಗಿದೆ. ಶ್ರದ್ಧೆ ಸಾಲದು.’

ಬರೆದವರ ಮೇಲೆ ನನಗೆ ದೂರಿಲ್ಲ. ಅಂದು ಹತ್ತನೆಯ ತರಗತಿಗೆ ‘ವಿದ್ಯುಚ್ಛಕ್ತಿ’ ಅಧ್ಯಾಯದಿಂದ ಓಮನ ನಿಯಮ ತೆಗೆದುಕೊಂಡಿದ್ದೆ. ಪಾಠ ಯೋಜನೆಯಲ್ಲಿ ಪೀಠಿಕೆಗೆ 5 ನಿಮಿಷ, ಪ್ರಯೋಗಕ್ಕೆ 20, ನಕ್ಷೆ ಎಳೆಯಲು 8, ಮೌಲ್ಯಮಾಪನಕ್ಕೆ 5, ಮನೆಗೆಲಸಕ್ಕೆ 2 ಎಂದು ಅಚ್ಚುಕಟ್ಟಾಗಿ ಹಂಚಿದ್ದೆ. ಪೀಠಿಕೆ ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಮಿಸ್, ರೆಗ್ಯುಲೇಟರ್ ತಿರುಗಿಸಿ ಫ್ಯಾನ್ ಸ್ಪೀಡ್ ಕಡಿಮೆ ಮಾಡಿದ್ರೆ ಕರೆಂಟ್ ಬಿಲ್ಲೂ ಕಡಿಮೆ ಬರುತ್ತಾ?’ ಎಂದು ಕೇಳಿದ. ಎಷ್ಟು ಒಳ್ಳೆಯ ಪ್ರಶ್ನೆ! ಹಳೆಯ ಪೆಟ್ಟಿಗೆಯಂಥ ರೆಗ್ಯುಲೇಟರಿನಲ್ಲಿ ರೋಧಕ ಬಿಸಿಯಾಗಿ ವಿದ್ಯುತ್ತು ಅಲ್ಲೇ ಪೋಲಾಗುತ್ತದೆ, ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಹಾಗಲ್ಲ ಎಂದು ಶುರುಮಾಡಿದವಳು ಇಸ್ತ್ರಿಪೆಟ್ಟಿಗೆ, ಫ್ಯೂಸು, ಕೊನೆಗೆ ಪಂಪ್‌ಸೆಟ್ಟಿನವರೆಗೆ ಹೋದೆ. ಗಂಟೆ ಹೊಡೆದಾಗ ಇನ್ನೂ ಅಮ್ಮೀಟರಿಗೆ ತಂತಿ ಸಿಕ್ಕಿಸುತ್ತ ನಿಂತಿದ್ದೆ.

ಟಿಪ್ಪಣಿ ಓದುವಾಗ ನನಗೆ ಕಂಡದ್ದು ಅಂದಿನ ಪಾಠವಲ್ಲ, ನಾಲ್ಕನೆಯ ತರಗತಿಯ ಅಂಕಪಟ್ಟಿ. ಅದರ ಷರಾ: ‘ಬುದ್ಧಿ ಇದೆ, ಶ್ರದ್ಧೆ ಇಲ್ಲ.’ ಏಳನೆಯ ತರಗತಿಯಲ್ಲೂ ಅದೇ ಮಾತು, ಪಿಯುಸಿಯಲ್ಲೂ ಅದೇ. ಬಿಎಸ್ಸಿಯ ಲ್ಯಾಬ್ ರೆಕಾರ್ಡಿನಲ್ಲಿ ಮಾತ್ರ ಇಂಗ್ಲಿಷಿನಲ್ಲಿತ್ತು. ಮೂರು ದಿನ ಆ ಪುಸ್ತಕ ತೆರೆಯಲಿಲ್ಲ. ಒಂಬತ್ತನೆಯ ಪಾಠದ ದಿನ ಜ್ವರವೆಂದು ಹೇಳಿ ರಜೆ ಹಾಕಿದೆ. ಜ್ವರ ಇರಲಿಲ್ಲ.

ಕಳೆದ ವರ್ಷ, 24ನೆಯ ವಯಸ್ಸಿನಲ್ಲಿ, ಮನೋವೈದ್ಯರೊಬ್ಬರು ನನಗೆ ಎಡಿಎಚ್‌ಡಿ ಇದೆಯೆಂದು ಗುರುತಿಸಿದರು. ವಯಸ್ಕರಲ್ಲಿ ಇದನ್ನು ಗುರುತಿಸುವುದಕ್ಕೂ ಬಾಲ್ಯದ ಪುರಾವೆ ಬೇಕು. ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಹಲವು ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಕಂಡಿರಬೇಕು. ಹಾಗಾಗಿ ಅಮ್ಮನನ್ನೂ ಹಳೆಯ ಅಂಕಪಟ್ಟಿಗಳನ್ನೂ ಕರೆದುಕೊಂಡು ಹೋಗಿದ್ದೆ. ನನ್ನನ್ನು ಇಷ್ಟು ವರ್ಷ ಕುಗ್ಗಿಸಿದ್ದ ಷರಾಗಳೇ ಅಲ್ಲಿ ಸಾಕ್ಷಿಯಾದವು. ಅಮ್ಮ ಎಲ್ಲ ಕೇಳಿಸಿಕೊಂಡು, ‘ಇವಳಪ್ಪನೂ ಹಿಂಗೇ ಡಾಕ್ಟ್ರೇ, ಅವರಿಗೂ ಮಾತ್ರೆ ಕೊಡ್ತೀರಾ?’ ಎಂದು ಕೇಳಿದಳು. ಇದು ವಂಶದಲ್ಲಿ ಬರುವ ಸಾಧ್ಯತೆ ಹೆಚ್ಚು ಎಂದು ವೈದ್ಯರು ನಗುತ್ತಲೇ ವಿವರಿಸಿದರು.

ಈ ಲೇಖನದಲ್ಲಿ ಇನ್ನೊಬ್ಬನಿದ್ದಾನೆ, ನನ್ನ ಸಹಪಾಠಿ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕರಡು ಓದಿ ಎರಡು ಕಡೆ ತಿದ್ದಿಯೂ ಕೊಟ್ಟಿದ್ದಾನೆ. ಅವನಿಗೆ ಆಟಿಸಂ ಇರುವುದು ಬಾಲ್ಯದಲ್ಲೇ ಗೊತ್ತಾಗಿತ್ತು. ಜೊತೆಗಿದ್ದ ಚಡಪಡಿಕೆ, ಮರೆವು, ವಸ್ತುಗಳನ್ನು ಕಳೆದುಕೊಳ್ಳುವುದು ಇವೆಲ್ಲ ‘ಹಠ’ ಎಂಬ ಖಾತೆಗೆ ಜಮೆಯಾದವು. ಆಗಿನ ಕೈಪಿಡಿ ಆಟಿಸಂ ಇರುವವರಿಗೆ ಎಡಿಎಚ್‌ಡಿ ಎಂಬ ಎರಡನೆಯ ಹೆಸರು ಕೊಡಲು ಬಿಡುತ್ತಿರಲಿಲ್ಲ. 2013ರಲ್ಲಿ ಬಂದ ಡಿಎಸ್‌ಎಂ-5 ಆ ಅಡ್ಡಿ ತೆಗೆಯಿತು. ಅವನಿಗೆ ಎರಡನೆಯದು ತಿಳಿದದ್ದು ಪದವಿ ಮುಗಿದ ಮೇಲೆ.

ಜೇಮ್ಸನ ಭಿನ್ನರಾಶಿ

ಆತ್ಮಗೌರವ ಎಂದಾಗ ನಮ್ಮಲ್ಲಿ ‘ಯಾರ ಮುಂದೆಯೂ ತಲೆಬಾಗದ ಸ್ವಾಭಿಮಾನ’ ನೆನಪಿಗೆ ಬರುತ್ತದೆ. ಮನೋವಿಜ್ಞಾನದಲ್ಲಿ ಅದರ ಅರ್ಥ ಇಷ್ಟು ಠೀವಿಯದಲ್ಲ: ನಾನು ಎಷ್ಟು ಬೆಲೆಯುಳ್ಳವಳು ಎಂದು ನನಗೇ ಅನ್ನಿಸುವುದು, ಅಷ್ಟೇ. 1890ರಲ್ಲಿ ವಿಲಿಯಂ ಜೇಮ್ಸ್ ಅದನ್ನು ಒಂದು ಭಿನ್ನರಾಶಿಯಾಗಿ ಬರೆದ: ಮೇಲೆ ಯಶಸ್ಸು, ಕೆಳಗೆ ನಿರೀಕ್ಷೆ. ಅಂಶ ಹೆಚ್ಚಿದರೂ ಛೇದ ಇಳಿದರೂ ಬೆಲೆ ಏರುತ್ತದೆ. ವಿಜ್ಞಾನದವಳಾದ ನನಗೆ ಇದು ತಕ್ಷಣ ಹಿಡಿಸಿತು. ಆದರೆ ನಮ್ಮಿಬ್ಬರಿಗೂ ಅನ್ವಯಿಸಿ ನೋಡಿದಾಗ ಭಿನ್ನರಾಶಿ ಎರಡು ಬೇರೆ ಬೇರೆ ಕಡೆ ಸೋರತೊಡಗಿತು.

ನನ್ನದರಲ್ಲಿ ಅಂಶ ಸ್ಥಿರವಾಗಿಲ್ಲ. ಎಡಿಎಚ್‌ಡಿ ಇರುವವರಲ್ಲಿ ಗಮನವೇ ಇಲ್ಲವೆಂಬುದು ತಪ್ಪು ತಿಳಿವಳಿಕೆ. ಗಮನದ ಹಗ್ಗ ಕೈಯಲ್ಲಿರುವುದಿಲ್ಲ, ಅದೇ ತೊಂದರೆ. ಆರನೆಯ ಪಾಠವನ್ನು ನಾನು ನಿಮಿಷ ತಪ್ಪದೆ ಮುಗಿಸಿದ್ದೆ. ಎಂಟನೆಯದು ಹೀಗಾಯಿತು. ನೋಡುವವರು ಕೇಳುವುದು ನ್ಯಾಯವೇ: ‘ಮೊನ್ನೆ ಮಾಡಿದವಳಿಗೆ ಇವತ್ತು ಏನಾಯಿತು?’ ಎಂದೂ ಆಗದ್ದನ್ನು ಜನ ಅಸಾಮರ್ಥ್ಯ ಎನ್ನುತ್ತಾರೆ, ಒಮ್ಮೆ ಆಗಿ ಒಮ್ಮೆ ಆಗದ್ದನ್ನು ಸೋಮಾರಿತನ ಎನ್ನುತ್ತಾರೆ. ಇಲ್ಲಿ ಹೊಗಳಿಕೆಯೂ ಕೈಕೊಡುತ್ತದೆ. ‘ನೋಡು, ನಿನ್ನಿಂದ ಆಗುತ್ತದೆ’ ಎಂಬ ಮಾತು ಅಂಶಕ್ಕೆ ಸೇರದೆ ನೇರವಾಗಿ ಛೇದಕ್ಕೆ ಹೋಗುತ್ತದೆ. ಇನ್ನು ಪ್ರತಿದಿನವೂ ಹಾಗೇ ಮಾಡಬೇಕು!

ಸಹಪಾಠಿಯದು ಬೇರೆ. ಅವನ ಮೊದಲ ಪಾಠಗಳಿಗೆ ‘ವಿದ್ಯಾರ್ಥಿಗಳ ಕಣ್ಣು ನೋಡಿ ಮಾತಾಡುವುದಿಲ್ಲ’ ಎಂಬ ಟಿಪ್ಪಣಿ ಬರುತ್ತಿತ್ತು. ಅವನು ಒಂದು ಉಪಾಯ ಕಲಿತ: ಮಕ್ಕಳ ಹುಬ್ಬುಗಳ ನಡುವೆ ನೋಡುವುದು, ಮೂರು ವಾಕ್ಯಕ್ಕೊಮ್ಮೆ ಮುಗುಳ್ನಗುವುದು, ಕೈಗಳನ್ನು ಹಿಂದೆ ಕಟ್ಟಿಕೊಂಡು ಬೆರಳಾಡಿಸುವುದನ್ನು ಮರೆಸುವುದು. ಐದನೆಯ ಪಾಠಕ್ಕೆ ‘ದೃಷ್ಟಿ ಸಂಪರ್ಕ ಅತ್ಯುತ್ತಮ’ ಎಂದು ಬಂತು. ಅಂದು ಮಧ್ಯಾಹ್ನದಿಂದ ಶಾಲೆ ಬಿಡುವವರೆಗೂ ಅವನು ಸೈಕಲ್ ನಿಲ್ಲಿಸುವ ಜಾಗದಲ್ಲಿ ಒಬ್ಬನೇ ಕೂತಿದ್ದ. ‘ಸಂತೋಷ ಆಗಲಿಲ್ವಾ?’ ಎಂದೆ. ‘ಅದು ನನಗೆ ಬಂದ ಹೊಗಳಿಕೆ ಅಲ್ಲ, ನಾನು ಹಾಕಿದ ವೇಷಕ್ಕೆ ಬಂದದ್ದು. ವೇಷ ಕಳಚಿದರೆ ಏನು ಬರೆಯುತ್ತಾರೆ ಅಂತ ನನಗೆ ಗೊತ್ತಲ್ಲ’ ಎಂದ. ಆಟಿಸಂ ಇರುವ ವಯಸ್ಕರು ಹೀಗೆ ತಮ್ಮ ಸಹಜ ಚಲನೆಗಳನ್ನು ಅಡಗಿಸಿ ನಡೆಯುವುದನ್ನು ಸಂಶೋಧಕರು ‘ಮಾಸ್ಕಿಂಗ್’ ಎನ್ನುತ್ತಾರೆ. ಹಾಗೆ ಪಡೆದ ಯಶಸ್ಸು ಅಂಶದಲ್ಲಿ ಕೂಡಿಕೆಯಾಗುವುದೇ ಇಲ್ಲ. ದಣಿವು ಮಾತ್ರ ಉಳಿಯುತ್ತದೆ.

ಇವನ ತರಗತಿಯ ಮಕ್ಕಳಿಗೆ ಇವನ ಪಾಠ ಅರ್ಥವಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಿಚಾರ ಇಲ್ಲಿ ನೆನಪಾಗುತ್ತದೆ: ಆಟಿಸಂ ಇರುವವರಿಗೂ ಇಲ್ಲದವರಿಗೂ ನಡುವಿನ ತಪ್ಪು ತಿಳಿವಳಿಕೆ ಒಂದೇ ಕಡೆಯಿಂದ ಹುಟ್ಟುವುದಲ್ಲ, ಎರಡೂ ಕಡೆಯದು. ವೀಕ್ಷಕರ ಕಡೆಯ ಪಾಲನ್ನು ನಮ್ಮ ಪುಸ್ತಕದಲ್ಲಿ ಬರೆಯಲು ಕಾಲಂ ಇಲ್ಲ.

ಮನೋವಿಜ್ಞಾನ ಪ್ರಾಯೋಗಿಕದಲ್ಲಿ ನಾವಿಬ್ಬರೂ ಮಾರಿಸ್ ರೋಸೆನ್‌ಬರ್ಗ್‌ನ ಆತ್ಮಗೌರವ ಮಾಪನಿಯನ್ನು ತುಂಬಿದೆವು. 1965ರ ಈ ಮಾಪನಿಯಲ್ಲಿ 10 ಹೇಳಿಕೆಗಳು, 5 ಸಕಾರಾತ್ಮಕ, 5 ನಕಾರಾತ್ಮಕ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ನಾನು ಎರಡು ನಿಮಿಷದಲ್ಲಿ ಮುಗಿಸಿದೆ. ಅವನು ‘ಕೆಲವೊಮ್ಮೆ’ ಎಂಬ ಅರ್ಥ ಬರುವ ಹೇಳಿಕೆಯ ಹತ್ತಿರ ನಿಂತುಬಿಟ್ಟ. ‘ಕೆಲವೊಮ್ಮೆ ಅಂದರೆ ವಾರಕ್ಕೆ ಎಷ್ಟು ಸಲ?’ ನಮ್ಮ ಅಂಕಗಳನ್ನು ಇಲ್ಲಿ ಕೊಡುವುದಿಲ್ಲ. ಇಬ್ಬರ ಅಂಕದಿಂದ ಏನೂ ಸಿದ್ಧವಾಗುವುದಿಲ್ಲ.

ಹಳದಿ ಮತ್ತು ಹಸಿರು

ಸುಳ್ಳು ಜ್ವರ ಇಳಿದ ಮೇಲೆ ನಾವಿಬ್ಬರೂ ಒಂದು ಸಂಜೆ ನಮ್ಮ ವೀಕ್ಷಣಾ ಪುಸ್ತಕಗಳನ್ನು ಎದುರಿಟ್ಟುಕೊಂಡು ಕುಳಿತೆವು. ವ್ಯಕ್ತಿಯ ಬಗ್ಗೆ ಬರೆದ ಮಾತಿಗೆ ಹಳದಿ, ತರಗತಿಯಲ್ಲಿ ಆದ ಕೆಲಸದ ಬಗ್ಗೆ ಬರೆದ ಮಾತಿಗೆ ಹಸಿರು ಬಳಿದೆವು. ಪುಟಗಳು ಸಾಸಿವೆ ಹೂವಿನ ಹೊಲದಂತಾದವು. ತೆಗಳಿಕೆ ಹಳದಿಯಾಗುತ್ತದೆಂದು ಗೊತ್ತಿತ್ತು. ಹೊಗಳಿಕೆಯೂ ಹಳದಿಯೇ ಆಗಿತ್ತು. ‘ಉತ್ಸಾಹಿ’, ‘ಒಳ್ಳೆಯ ವ್ಯಕ್ತಿತ್ವ’, ‘ಶಾಂತ ಸ್ವಭಾವ’. ಸಹಪಾಠಿಗಳಾಗಿ ನಾವು ಬೇರೆಯವರ ಪಾಠಕ್ಕೆ ಬರೆದ ಟಿಪ್ಪಣಿಗಳೂ ಹೀಗೇ ಇದ್ದವು. ಸೂಕ್ಷ್ಮ ಬೋಧನೆಯಲ್ಲಿ ಪುನರ್ಬಲನ ಕೌಶಲ ಕಲಿಯುವಾಗ ನಾವು ಅಭ್ಯಾಸ ಮಾಡಿದ್ದು ‘ಶಭಾಷ್’, ‘ಬಹಳ ಒಳ್ಳೆಯದು’ ಎನ್ನುವುದನ್ನು ತಾನೇ? ಏತಕ್ಕೆ ಶಭಾಷ್ ಎಂದು ಸೇರಿಸುವುದನ್ನು ಅಷ್ಟಾಗಿ ಮಾಡಲಿಲ್ಲ.

ಅಲ್ಬರ್ಟ್ ಬಂಡೂರ 1977ರಲ್ಲಿ ಬರೆದ ಸ್ವಸಾಮರ್ಥ್ಯದ ಸಿದ್ಧಾಂತದಲ್ಲಿ ಒಬ್ಬರ ನಂಬಿಕೆಯನ್ನು ಗಟ್ಟಿಮಾಡುವ ಮೂಲಗಳಲ್ಲಿ ಬಲವಾದದ್ದು ತಾನೇ ಮಾಡಿ ಗೆದ್ದ ಅನುಭವ. ಇತರರ ಮಾತಿನ ಹುರಿದುಂಬಿಸುವಿಕೆ ಅದಕ್ಕಿಂತ ದುರ್ಬಲ. ನನಗನ್ನಿಸುವುದು, ಆ ಅನುಭವ ಸಿಗಬೇಕಾದರೆ ನಾನು ಏನು ಮಾಡಿದೆ ಎಂದು ನನಗೆ ತಿಳಿದಿರಬೇಕು. ಆರನೆಯ ಪಾಠ ಏಕೆ ಸರಿಹೋಯಿತೆಂದು ನನ್ನ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಆಮೇಲೆ ಯೋಚಿಸಿದಾಗ ಹೊಳೆಯಿತು: ಆ ಕೊಠಡಿಯಲ್ಲಿ ಗೋಡೆ ಗಡಿಯಾರ ನನ್ನ ಎದುರಿಗಿತ್ತು. ಎಂಟನೆಯ ಪಾಠದ ಕೊಠಡಿಯಲ್ಲಿ ಗಡಿಯಾರವೇ ಇರಲಿಲ್ಲ. ಇಷ್ಟು ಸಣ್ಣ ಸಂಗತಿಗೆ ‘ಶ್ರದ್ಧೆ’ ಎಂಬ ದೊಡ್ಡ ಹೆಸರು!

ನಾವು ನಮ್ಮ ವಿಜ್ಞಾನ ಬೋಧನಾ ವಿಧಾನದ ಮೇಡಂ ಬಳಿ ಹೋದೆವು. ಎಡಿಎಚ್‌ಡಿ, ಆಟಿಸಂ ಎಂಬ ಪದಗಳನ್ನು ಅವರ ಮುಂದೆ ಹೇಳಲು ಸ್ಟಾಫ್‌ರೂಮಿನ ಬಾಗಿಲಲ್ಲಿ ಎರಡು ಸಲ ಹಿಂದೆ ಬಂದಿದ್ದೆವು. ಕಾರಣವಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಕೇಳಲು ನನ್ನ ಹತ್ತಿರ ಕಾಗದವಿಲ್ಲ. ಅವನು ಕಾಗದ ಮಾಡಿಸಬಹುದು. ಮಾಡಿಸಿದರೆ ‘ಇಂಥವನು ಪಾಠ ಹೇಗೆ ಮಾಡುತ್ತಾನೆ’ ಎಂದುಕೊಂಡಾರು ಎಂದು ಮಾಡಿಸಿಲ್ಲ. ಮೇಡಂ ಎಲ್ಲ ಕೇಳಿ, ‘ಸರಿ, ನಾನು ಹೇಗೆ ಬರೆದರೆ ನಿಮಗೆ ಉಪಯೋಗ, ಅದನ್ನ ಹೇಳ್ರಿ’ ಎಂದರು. ಆ ಪ್ರಶ್ನೆಗೆ ನಾವು ಸಿದ್ಧರಾಗಿ ಹೋಗಿರಲೇ ಇಲ್ಲ.

ಮುಂದಿನ ಪಾಠಗಳಲ್ಲಿ ಮಾಡಿಕೊಂಡ ಬದಲಾವಣೆಗಳು ದೊಡ್ಡವಲ್ಲ. ನಾನು ಕಪ್ಪುಹಲಗೆಯ ಬಲಮೂಲೆಯಲ್ಲಿ ಗಡಿಯಾರದ ಮುಖ ಬರೆದು ಪ್ರತಿ ಹಂತ ಮುಗಿಯಬೇಕಾದ ಜಾಗಕ್ಕೆ ಬಣ್ಣದ ಸೀಮೆಸುಣ್ಣ ಹಚ್ಚಿದೆ, ಮೇಜಿನ ಮೇಲೆ ಕೈಗಡಿಯಾರ ಬಿಚ್ಚಿಟ್ಟೆ. ಎಡಮೂಲೆಯಲ್ಲಿ ‘ಬಾಕಿ ಪ್ರಶ್ನೆ’ ಎಂದು ಒಂದು ಚೌಕ. ನನ್ನನ್ನು ಎಳೆದೊಯ್ಯುವ ಪ್ರಶ್ನೆ ಬಂದರೆ ಅದು ಅಲ್ಲಿಗೆ. ಸಹಪಾಠಿ ಕಣ್ಣು ನೋಡುವ ಕಸರತ್ತು ಬಿಟ್ಟ. ಬದಲಿಗೆ ಪ್ರತಿ ಸಾಲಿನಿಂದ ಒಬ್ಬರ ಉತ್ತರ ಕೇಳಿದ್ದೇನೆಯೇ ಎಂದು ಆಸನ ನಕ್ಷೆಯಲ್ಲಿ ಗುರುತು ಹಾಕತೊಡಗಿದ. ಕಣ್ಣಿನ ಸಂಪರ್ಕದಿಂದ ಆಗಬೇಕಾದ ಕೆಲಸ ಅದೇ ಅಲ್ಲವೇ? ಪಾಠದ ನಂತರದ ಚರ್ಚೆಗೆ ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದು ಕೊಡಿ ಎಂದು ಕೇಳಿದ, ಕೊಟ್ಟರು.

ಗೆಳತಿಯೊಬ್ಬಳು ‘ಹೀಗೆ ಬರೆದರೆ ಎಲ್ಲರಿಗೂ ಒಳ್ಳೆಯದೇ, ನಿಮ್ಮಿಬ್ಬರಿಗೇ ಏನು ವಿಶೇಷ?’ ಎಂದಳು. ನಿಜ, ಎಲ್ಲರಿಗೂ ಒಳ್ಳೆಯದು. ಆದರೆ ‘ಶ್ರದ್ಧೆ ಸಾಲದು’ ಎಂಬ ಮಾತನ್ನು ಅವಳು ಆ ದಿನದ ಮಾತಾಗಿ ಓದಿ ಊಟಕ್ಕೆ ಹೋಗಬಲ್ಲಳು. ಹದಿನೈದು ವರ್ಷ ಅದನ್ನೇ ಓದಿದವರಿಗೆ ಅದು ತೀರ್ಪು. ಹಾಗೆಂದು ಎಡಿಎಚ್‌ಡಿ ನನಗೆ ರಿಯಾಯಿತಿ ಚೀಟಿಯಲ್ಲ. ಅಂದು ಆ ಮಕ್ಕಳ 40 ನಿಮಿಷ ಹೋಯಿತು, ಓಮನ ನಿಯಮ ಅವರಿಗೆ ತಲುಪಲಿಲ್ಲ. ಅದನ್ನು ಮತ್ತೊಂದು ಅವಧಿ ಬೇಡಿ ಪಡೆದು ನಾನೇ ತುಂಬಿಕೊಡಬೇಕಾಯಿತು.

ಒಂದು ವಿಷಯ ಬರೆಯಲು ನಾಚಿಕೆಯಾಗುತ್ತದೆ. ಘಟಕ ಪರೀಕ್ಷೆಯ ನಂತರ ಟಿಪ್ಪಣಿ ಪುಸ್ತಕಗಳನ್ನು ತಿದ್ದುತ್ತಿದ್ದಾಗ ಆ ರೆಗ್ಯುಲೇಟರ್ ಹುಡುಗನದು ಕೈಗೆ ಬಂತು. ಮಂಡಲದ ಚಿತ್ರ ಅರ್ಧಕ್ಕೆ ನಿಂತಿದೆ, ಅಂಚಿನಲ್ಲಿ ಒಂದು ಫ್ಯಾನಿನ ಒಳಭಾಗವನ್ನು ಎಷ್ಟೋ ಹೊತ್ತು ಕೂತು ಬಿಡಿಸಿದ್ದಾನೆ. ಕೆಂಪು ಪೆನ್ನಿನಲ್ಲಿ ‘ಬುದ್ಧಿವಂತ, ಆದರೆ’ ಎಂದು ಬರೆದುಬಿಟ್ಟಿದ್ದೆ. ಅಲ್ಲಿಗೇ ಕೈ ನಿಂತಿತು. ಅವನಿಗೆ ಏನಾದರೂ ಇದೆಯೇ ಎಂದು ನಾನು ಹೇಳಲಾರೆ, ಅದು ನನ್ನ ಕೆಲಸವೂ ಅಲ್ಲ. ಬರೆದದ್ದನ್ನು ಹೊಡೆದುಹಾಕಿ ಕೆಳಗೆ ಬರೆದೆ: ‘ಕೋಶ, ಬಲ್ಬು ಸರಿಯಾಗಿ ಜೋಡಿಸಿದ್ದೀಯ. ಅಮ್ಮೀಟರ್ ಎಲ್ಲಿ ಬರಬೇಕು? ನಾಳೆ ಊಟದ ಬಿಡುವಿನಲ್ಲಿ ಬಂದು ತೋರಿಸು.’ ಬಂದ. ಫ್ಯಾನಿನ ಚಿತ್ರವನ್ನೂ ತಂದಿದ್ದ.

ಹದಿನಾಲ್ಕನೆಯ ಪಾಠಕ್ಕೆ ಮೇಡಂ ಬಂದು ಕೂತರು. ವಿದ್ಯುತ್ ಸಾಮರ್ಥ್ಯ, ಅದೇ ತರಗತಿ. ಟಿಪ್ಪಣಿ ಹೀಗಿತ್ತು: ‘12ನೆಯ ನಿಮಿಷದಲ್ಲಿ ಫ್ರಿಡ್ಜಿನ ಪ್ರಶ್ನೆ ಬಂದಾಗ ಚೌಕದಲ್ಲಿ ಬರೆದು ಪಾಠಕ್ಕೆ ಮರಳಿದಿರಿ. 33ರಲ್ಲಿ ಅದಕ್ಕೆ ಉತ್ತರಿಸಿದಿರಿ. ಇದರಿಂದ ಮೌಲ್ಯಮಾಪನಕ್ಕೆ ಮೂರು ನಿಮಿಷ ಕಡಿಮೆ ಬಿತ್ತು. ಎರಡು ಪ್ರಶ್ನೆ ಕೇಳಲಾಗಲಿಲ್ಲ.’

ಪೂರ್ತಿ ಹಸಿರು. ಅಂದೇ ರಾತ್ರಿ ಕೂತು ಆ ಎರಡು ಪ್ರಶ್ನೆಗಳನ್ನು ಹದಿನೈದನೆಯ ಪಾಠದ ಪೀಠಿಕೆಗೆ ಸೇರಿಸಿದೆ.