ಹಾಡು ಕೇಳಿದವರ ಅಭಿಪ್ರಾಯ

ಹಾಡು ಕೇಳಿ "ಚಲೋ ಐತಿ" ಅಂದರೆ ಅಭಿಪ್ರಾಯ ಪೂರ್ತಿ ಆಗುವುದಿಲ್ಲ. ಏನು ಚಲೋ? ಹಳೇ ಕ್ಯಾಸೆಟ್ಟುಗಳ ಹಾಡು ಈಗ ಮೊಬೈಲಿನಲ್ಲೇ ಸಿಗುತ್ತವೆ. ಅವುಗಳ ಬಗ್ಗೆ ಮನೆಯಲ್ಲಿ, ಓಣಿಯಲ್ಲಿ ವಿಚಾರಿಸಿದೆ.

ಅಣ್ಣನಿಗೆ 1987ರ ಪ್ರೇಮಲೋಕ. ಹಂಸಲೇಖರ ಸಂಗೀತದಲ್ಲಿ ಅವನು ಮೊದಲು ತಾಳ ಕೇಳುತ್ತಾನೆ, ಮಾತು ಆಮೇಲೆ. ಅಮ್ಮನಿಗೆ 1978ರ ನಿತ್ಯೋತ್ಸವ. ನಿಸಾರ್ ಅಹಮದರ ಕವಿತೆಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ್ದಾರೆ. ಪ್ರತಿ ಅಕ್ಷರ ಬಿಡಿಸಿ ಕೇಳಬೇಕು, ಅದೇ ಅಮ್ಮನ ಅಳತೆ. ಭೀಮಸೇನ ಜೋಶಿಯವರ ದಾಸರ ಪದಕ್ಕೂ ಅದೇ ಅಳತೆ ಹಿಡಿದು "ಒಂದ ಮಾತು ಎಷ್ಟ ಸಲ ಹೇಳ್ತಾರ" ಅಂದಳು. ಅಲ್ಲಿ ಮಾತಿನ ಸುತ್ತ ರಾಗ ಬೆಳೆಯುವುದನ್ನು ಕೇಳಬೇಕು.

ವಾದ ಎದ್ದದ್ದು ಶರೀಫರ ಪದಕ್ಕೆ. ಸಿ. ಅಶ್ವತ್ಥರು ಎತ್ತರದ ದನಿಯಲ್ಲಿ ಹಾಡಿದ್ದು ನಮಗೆಲ್ಲ ಬಾಯಿಪಾಠ. 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೂ ಅವರದೇ ಸಂಗೀತ. ಅದನ್ನೇ ಕೇಳಿ ಬೆಳೆದ ನಮ್ಮ ತರಗತಿಯ ಕೆಲವರು, ಗುಡಿಯ ಭಜನಾ ಮೇಳದ ಅಜ್ಜಂದಿರು ಹಾಡಿದಾಗ "ರಾಗ ತಪ್ಪೈತಿ" ಅಂತ ನಕ್ಕರು. ಹೆಂಗ ತಪ್ಪು? ಶರೀಫರು ತೀರಿಕೊಂಡದ್ದು 1889ರಲ್ಲಿ. ಕ್ಯಾಸೆಟ್ ಬಂದದ್ದು 1963ರಲ್ಲಿ. ನಡುವಿನ 74 ವರ್ಷ ಈ ಪದಗಳು ಹೆಚ್ಚಾಗಿ ಉಳಿದದ್ದು ಇಂಥವರ ಬಾಯಲ್ಲೇ, ಊರಿಗೊಂದು ಧಾಟಿಯಲ್ಲಿ. ಅಶ್ವತ್ಥರ ಧಾಟಿ ನನಗೂ ಬಲು ಇಷ್ಟ, ಆದರೆ ಅದೂ ಒಂದು ಧಾಟಿ. ರೆಕಾರ್ಡಾದ ಹಾಡು ಸಾವಿರ ಸಲ ಹಾಕಿದರೂ ಹಾಗೇ ಇರುತ್ತದೆ. ಅಜ್ಜಂದಿರು ಕೂಡಿದ ಮಂದಿ ನೋಡಿ ನಿಧಾನ ಮಾಡುತ್ತಾರೆ, ಏರಿಸುತ್ತಾರೆ.

ಮೇಳದಲ್ಲಿ ಈಗ ನಾಲ್ಕೇ ಮಂದಿ. ಅವರ ಧಾಟಿ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಸೋಮವಾರ ರಾತ್ರಿ ಭಜನೆಗೆ ನಾನು ಹೋಗುವವನಿದ್ದೇನೆ. ಬರುವವರು ಹೆಸರು ಕೊಡಿರಿ.