ನರುತೊಮಾಕಿ: ಸುಳಿಯ ಗುರುತಿನ ಮೀನಿನ ಬಿಲ್ಲೆ

ಜಪಾನೀಯರ ರಾಮೆನ್ ಎಂಬ ಶ್ಯಾವಿಗೆ ಸಾರಿನ ಮೇಲೆ ಇಡುವ, ನಡುವೆ ಗುಲಾಬಿ ಸುಳಿಯುಳ್ಳ ಬಿಳಿಯ ಬಿಲ್ಲೆಯನ್ನು ಚಿತ್ರದಲ್ಲಿ ಕಂಡಾಗ ನಾನು ಮೂಲಂಗಿಯೆಂದೇ ಬಗೆದಿದ್ದೆ. ಅದು ಮೀನು! ಅವಾಜಿ ದ್ವೀಪಕ್ಕೂ ಷಿಕೊಕುವಿಗೂ ನಡುವಣ ನರುತೊ ಜಲಸಂಧಿಯಲ್ಲಿ ಭರತ ಇಳಿತಗಳ ಸೆಳೆತಕ್ಕೆ ಏಳುವ ಸುಳಿಗಳಿಂದ ಅದಕ್ಕೆ ಈ ಹೆಸರು. ಆದರೆ ಅದು ಹೆಚ್ಚಾಗಿ ತಯಾರಾಗುವುದು ದೂರದ ಷಿಜುಓಕ ಪ್ರಾಂತದ ಯಾಯಿಜು ಬಂದರಿನಲ್ಲಿ.

ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಬೆಂದ ಮೀನು ಎಸಳೆಸಳಾಗಿ ಉದುರುತ್ತದೆ. ಈ ಬಿಲ್ಲೆ ಮಾತ್ರ ಒತ್ತಿದರೆ ಪುಟಿಯುವುದೇಕೆ? ಗುಟ್ಟು ಉಪ್ಪಿನಲ್ಲಿದೆ. ಮೀನಿನ ಮಾಂಸವನ್ನು ತಣ್ಣೀರಿನಲ್ಲಿ ತೊಳೆದು, ನೂರಕ್ಕೆ 2-3 ಪಾಲು ಉಪ್ಪು ಹಾಕಿ ಅರೆದರೆ ಸ್ನಾಯುವಿನ ಮಯೋಸಿನ್ ಎಂಬ ಸಸಾರಜನಕ ಕರಗಿ ಅಂಟಾಗುತ್ತದೆ. ಬಿಸಿ ತಗುಲಿದಾಗ ಅದರ ಎಳೆಗಳು ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿಡುತ್ತವೆ. ಬಣ್ಣ ಬೆರೆತ ಮುದ್ದೆಯನ್ನು ಬಿಳಿಯದರೊಡನೆ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ, ನಮ್ಮ ಕಡುಬಿನಂತೆಯೇ ಎನ್ನಿ.

ಆದರೆ ಈ ಗುಣ ಬಲು ಸೂಕ್ಷ್ಮ. ಹಿಮಗಟ್ಟಿಸಿದರೆ ಸಸಾರಜನಕ ಕೆಟ್ಟು, ಮುದ್ದೆ ಕೂಡಿಕೊಳ್ಳದು. ಆದುದರಿಂದ ಉತ್ತರದ ಕಡಲಿನಲ್ಲಿ ಅಲಾಸ್ಕ ಪೊಲಾಕ್ ಮೀನು ಹೇರಳವಾಗಿ ಸಿಕ್ಕರೂ ಈ ಕೆಲಸಕ್ಕೆ ಕೂಡಿಟ್ಟುಕೊಳ್ಳುವಂತಿರಲಿಲ್ಲ. 1960ರಲ್ಲಿ ಹೊಕ್ಕೈಡೊವಿನ ವಿಜ್ಞಾನಿಗಳು ತೊಳೆದ ಮಾಂಸಕ್ಕೆ ಸಕ್ಕರೆ ಬೆರೆಸಿ ಹಿಮಗಟ್ಟಿಸಿ ನೋಡಿದರು, ಸತ್ವ ಉಳಿಯಿತು. ಕೆಲವೇ ವರ್ಷಗಳಲ್ಲಿ ನಡುಗಡಲಿನ ಹಡಗುಗಳಲ್ಲಿಯೇ ಈ ಮುದ್ದೆ ಸಿದ್ಧವಾಗತೊಡಗಿತು.